ಹೇಳದೆ ಉಳಿದ ಹೆಸರು

ಮೊರದ ಅಕ್ಕಿಯಲ್ಲಿ ಶೈಲಜಾಳ ಬೆರಳುಗಳು ಕಲ್ಲು ಹುಡುಕುತ್ತಿದ್ದವು. ಮೂರ್ಛೆ ಯಾವಾಗ ಬರುತ್ತದೋ ಎಂದು ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಹೊಸಪೇಟೆಯ ತವರಿನಲ್ಲಿ ಅವಳ ಪಾಲಿಗೆ ಉಳಿದಿದ್ದು ಇದೊಂದೇ ಕೆಲಸ.

ಬಾಗಿಲ ಮುಂದೆ ಬೈಕು ನಿಂತಿತು. ಅವಳ ಕೈಯೂ ನಿಂತಿತು.

ತಿಪ್ಪೇಶ್! ಅವಳ ಗಂಡ. ಆಸ್ಪತ್ರೆಯಿಂದ ಕರೆತಂದು ಇಲ್ಲಿ ಬಿಟ್ಟು ಕಂಪ್ಲಿಗೆ ಹೋದವನು ಒಂದು ಫೋನೂ ಮಾಡಿರಲಿಲ್ಲ.

"ಕುಂದ್ರಿ," ಎಂದಳು, ತಲೆ ಎತ್ತದೆ.

"ಕುಂದ್ರಾಕ ಬಂದಿಲ್ಲ." ಆದರೂ ಕುಳಿತ.

ಅಂಗಳದಲ್ಲಿ ಮಗಳು ಸ್ಫೂರ್ತಿ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಇಬ್ಬರನ್ನೂ ನೋಡುತ್ತ ನಿಂತಳು.

ಮೂರ್ಛೆ ನಿಲ್ಲಿಸುವ ಆಪರೇಷನ್ನಿಗೆ ಮುಂಚೆ ಬೆಂಗಳೂರಿನ ಡಾಕ್ಟರು ಶೈಲಜಾಳ ಮಿದುಳಿನೊಳಗೆ ಸಣ್ಣ ತಂತಿಗಳನ್ನಿಟ್ಟು, ಚೂರುಚೂರೇ ಕರೆಂಟ್ ಹರಿಸಿ, ಚಿತ್ರಗಳ ಹೆಸರು ಹೇಳಿಸಿದ್ದರು. ಎಲ್ಲಿ ಕರೆಂಟಿಗೆ ಮಾತು ನಿಲ್ಲುತ್ತದೋ ಆ ಜಾಗವನ್ನು ಕತ್ತರಿಸಬಾರದು; ಅದನ್ನು ಗುರುತಿಸಲೆಂದೇ ಈ ಪರೀಕ್ಷೆ. ಬಾಳೆಹಣ್ಣು, ಬೀಗ, ಆಟೋ... ಎಲ್ಲ ಹೇಳಿದವಳು ತಿಪ್ಪೇಶನ ಫೋಟೋ ಬಂದಾಗ ತುಟಿ ಬಿಚ್ಚಲಿಲ್ಲ!

ಗಾಜಿನಾಚೆ ನಿಂತಿದ್ದವನ ಎದೆ ಒಡೆಯಿತು. ಡಾಕ್ಟರ ಮಾತು ಕೇಳದೆ ಪರೀಕ್ಷೆಯನ್ನು ಅರ್ಧಕ್ಕೇ ಬಿಡಿಸಿ, ತಂತಿ ತೆಗೆಸಿ, ಆಪರೇಷನ್ನೂ ಬೇಡವೆಂದು ಕರೆತಂದ. ಮಗಳಿಗೆ ಮಾತ್ರ ಪಿಸುಗುಟ್ಟಿದ್ದ: "ಆ ಕರೆಂಟಿಗೆ ಅವ್ವ ನನ್ನ ಮರ್ತಾಳ. ಏನೂ ಕೇಳಬ್ಯಾಡ."

'ನಾನು ವಾಸಿಯಾಗೋದೇ ಇವರಿಗೆ ಬೇಕಿಲ್ಲ...' ಎಂದುಕೊಂಡು ಶೈಲಜಾಳೂ ಮಾತು ಬಿಟ್ಟಿದ್ದಳು.

"ಡಾಕ್ಟರ್ ಹತ್ರ ಮತ್ತ ಹೋಗಿದ್ನಿ," ತಿಪ್ಪೇಶ್ ದಣಿದ ದನಿಯಲ್ಲಿ ಹೇಳಿದ. "ಕರೆಂಟ್ ಭಾಳ ಸಣ್ಣದಂತ. ಮಾತು ನಿಂತ್ರೂ, ಬಂದ್ ಮಾಡಿದ ಕೂಡ್ಲೆ ವಾಪಸ್ ಬರ್ತದಂತ. ಒಮ್ಮೊಮ್ಮೆ ಫಿಟ್ಸ್ ಬರಬಹುದಂತ, ಅದಕ್ಕ ಔಷಧಿ ತಯಾರಿಟ್ಕೊಂಡೇ ಮಾಡ್ತಾರಂತ."

"ಮತ್ಯಾಕ ಈ ಸಪ್ಪೆ ಮುಖ?"

"ನನ್ನ ಫೋಟೋ ತೋರ್ಸಿದಾಗ ಕರೆಂಟೇ ಬಂದ್ ಇತ್ತಂತ, ಶೈಲೂ!" "ಹಂಗಾರ ನೀನೇ ಬೇಕಂತ ಸುಮ್ಮನಿದ್ದಿ... ನಾ ಅಷ್ಟು ಬ್ಯಾಡಾದ್ನೇನು?"

ಶೈಲಜಾ ಮೊರ ಕೆಳಗಿಟ್ಟಳು.

"ಗಂಡನ ಹೆಸರು ಹೇಳಿದ್ರ ಅವನ ಆಯುಷ್ಯ ಕಮ್ಮಿ ಆಗ್ತದಂತ ನಿಮ್ಮವ್ವಾನೇ ಕಲಿಸಿದ್ದು. ತಲಿಯಾಗ ತಂತಿ ಇಟ್ಕೊಂಡು, ನಾ ಉಳಿತೀನೋ ಇಲ್ಲೋ ಅನ್ನೋ ಹೊತ್ತಿನಾಗ... ನಿಮ್ಮ ಆಯುಷ್ಯಕ್ಕೂ ಕೈ ಹಚ್ಲೇನ್ರಿ?"

ತಿಪ್ಪೇಶ್ ಹಣೆ ಬಡಿದುಕೊಂಡ.

"ಲೇ ಹುಚ್ಚಿ! ಇಷ್ಟು ಹೇಳಾಕ ಆಗಲಿಲ್ಲೇನು?"

"ನೀವು ಕೇಳಿದ್ರೇನು?"

ನಗಲು ಹೋದ ಇಬ್ಬರಿಗೂ ಅಳು ಬಂತು. ಅಕ್ಕಿ ಅಂಟಿದ್ದ ಅವಳ ಅಂಗೈಯನ್ನು ಅವನು ಹಾಗೇ ಹಿಡಿದುಕೊಂಡ.

"ಮತ್ತ ಹೋಗಾಮು, ಪರೀಕ್ಷೆ ಮುಗಿಸಾಮು. ಆದ್ರ ನನ್ನ ಹೆಸರು ಹೇಳ್ಬೇಕು ನೀ."

"ಆಯುಷ್ಯ...?"

"ಕಮ್ಮಿ ಆದ್ರ ಆಗ್ಲಿ ಬಿಡು. ಇದ್ದಷ್ಟೂ ನಿನ್ನ ಕೂಡಾನೇ."

ಅಂಗಳದಲ್ಲಿ ಉಗುಳಿದ ಸದ್ದಾಯಿತು. ಸ್ಫೂರ್ತಿ ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದು, ಅವ್ವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿದಳು. ಇಷ್ಟು ದಿನ ನುಂಗಿಕೊಂಡಿದ್ದ ಮಾತು ಕೊನೆಗೂ ಹೊರಬಂತು.

"ಅವ್ವಾ... ನಮ್ಮಪ್ಪನ ಹೆಸರೇನು?"