ತಲೆಯಿಲ್ಲದ ಮೇಡಂ

"ಬ್ಯಾಗ್ ತೆಗಿ ಅಂದ್ರೆ ತೆಗಿ!" ಗಿಣಿ ಕೂಗಿದ ಜೋರಿಗೆ ಇಡೀ ಕ್ಲಾಸೇ ತಿರುಗಿ ನೋಡಿತು.

"ನಾನು ಸುತ್ತಿ ನಿನ್ನ ಕೈಗೇ..." ಎಂದು ಶುರುಮಾಡಿದಳು ಉದ್ದಜಡೆ.

"ಸಾಕು, ಕತೆ ಕಟ್ಬೇಡ! ಕೊನೇಲಿ ಅಳತೆ ಟೇಪ್ ಹಿಡ್ಕೊಂಡಿದ್ದು ನೀನೇ ತಾನೇ?"

ಉದ್ದಜಡೆ ಬ್ಯಾಗನ್ನು ಬೆಂಚಿನ ಮೇಲೆ ಸುರಿದಳು. ಪುಸ್ತಕಗಳು, ಮೊಂಡು ಪೆನ್ಸಿಲ್, ಕಾಗದದಲ್ಲಿ ಸುತ್ತಿಟ್ಟ ಅರ್ಧ ಬಿಸ್ಕತ್ತು. ಬಿಸ್ಕತ್ತು ಕಂಡು ಹಿಂದಿನ ಬೆಂಚಿನವರು ಕಿಸಕ್ಕೆಂದರು. ಟೇಪ್ ಮಾತ್ರ ಇರಲಿಲ್ಲ.

"ಎಲ್ಲೋ ಬಚ್ಚಿಟ್ಟಿದ್ದಾಳೆ," ಎಂದಳು ಗಿಣಿ. ಉದ್ದಜಡೆಯ ಕಣ್ಣು ತುಂಬಿಬಂತು.

ಗಿಣಿ ಅನ್ನೋದು ಅವಳ ನಿಜವಾದ ಹೆಸರಲ್ಲ ಬಿಡಿ. ಬಾಯಿಗೆ ಬಿಡುವೇ ಇಲ್ಲವಲ್ಲ, ಅದಕ್ಕೇ ಕ್ಲಾಸಿನವರು ಇಟ್ಟ ಹೆಸರು. ಎತ್ತರ ಅಳೆಯುವ ಪಾಠವಿದೆ ಎಂದು ಅಮ್ಮನ ಹತ್ತಿರ ಗೋಗರೆದು ಟೇಪ್ ತಂದಿದ್ದಳು. ಅಮ್ಮ ಟೈಲರ್. ಟೇಪಿಲ್ಲದಿದ್ದರೆ ಅವಳಿಗೆ ಕೈಕಾಲೇ ಆಡುವುದಿಲ್ಲ.

ಸಂಜೆ ಅಮ್ಮನ ಅಂಗಡಿಗೆ ಬಂದವಳೇ ಗಿಣಿ ಒಂದೇ ಉಸಿರಿಗೆ ದೂರು ಹೇಳಿದಳು.

"ಯಾರು, ಉದ್ದಜಡೆನಾ? ದಿನಾ ನಿನ್ನ ಜೊತೆ ಬರೋಳು?" ಅಮ್ಮ ತುಟಿಯಲ್ಲಿ ಕಚ್ಚಿದ್ದ ಪಿನ್ನು ತೆಗೆದಳು. "ಹೋಗು, ಮೇಡಂಗೆ ಹೇಳು. ನಿಂಗೆ ಬೇಕಾದ್ದಷ್ಟೇ ಅಲ್ಲ, ಮೊದಲಿಂದ ಆಗಿದ್ದೆಲ್ಲಾ ಹೇಳು."

ಮೇಡಂ ಎಂದರೆ ಮೂಲೆಯಲ್ಲಿ ನಿಂತಿದ್ದ ಬಟ್ಟೆ ತೊಡಿಸುವ ಗೊಂಬೆ. ಅದಕ್ಕೆ ತಲೆಯೂ ಇಲ್ಲ, ಕೈಯೂ ಇಲ್ಲ. ರವಿಕೆಯ ಕೊರಳು ಸರಿಯಾಗಿ ಕೂರದಿದ್ದರೆ ಅಮ್ಮ ಅದರ ಮುಂದೆ ನಿಂತು, "ನೋಡಿ ಮೇಡಂ, ಇಲ್ಲಿ ಅರ್ಧ ಇಂಚು ಬಿಟ್ಟೆ..." ಎಂದು ವಿವರಿಸುತ್ತಾ, ಅರ್ಧದಲ್ಲೇ "ಅಯ್ಯೋ, ಇಲ್ಲೇ ಎಡವಟ್ಟಾಗಿದ್ದು!" ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಗಿಣಿ ಮುಖ ಊದಿಸಿಕೊಂಡೇ ಶುರುಮಾಡಿದಳು. "ಮೇಡಂ, ಬೆಳಿಗ್ಗೆ ಎಲ್ಲರ ಎತ್ತರ ಅಳೆದ್ವಿ. ಕೊನೇಲಿ ಉದ್ದಜಡೆ ನನ್ನ ಅಳೆದ್ಳು. ಆಮೇಲೆ ಟೇಪ್ ಸುತ್ತಿ..." ನಾಲಿಗೆ ತಡವರಿಸಿತು. "ಸುತ್ತಿ ನನ್ನ ಕೈಗೆ ಕೊಟ್ಳು. ನಾನು ಅಮ್ಮನ ಥರ ಕೊರಳಿಗೆ ಹಾಕ್ಕೊಂಡೆ. ಚಳಿ ಅಂತ ಮೇಲೆ ಸ್ವೆಟರ್ ಹಾಕ್ಕೊಂಡೆ. ಆಟದ ಪೀರಿಯಡ್‌ನಲ್ಲಿ ಸೆಕೆ ಆಯ್ತು. ಸ್ವೆಟರ್ ಎಳೆದು ತೆಗೆದು ಬ್ಯಾಗಿಗೆ..."

ಬ್ಯಾಗಿನ ತಳದಿಂದ ಸ್ವೆಟರ್ ತೆಗೆದು ಕೊಡವಿದಳು. ಹಳದಿ ಟೇಪ್ ಜಾರಿ ನೆಲಕ್ಕೆ ಬಿತ್ತು.

ಗಿಣಿಯ ಕಿವಿ ಬಿಸಿಯಾಯಿತು. ಆ ಅರ್ಧ ಬಿಸ್ಕತ್ತು, ಆ ಕಿಸಕಿಸ ನಗು, ಉದ್ದಜಡೆಯ ಕಣ್ಣು. ನೆಲ ಬಾಯಿಬಿಟ್ಟರೆ ಒಳಗೆ ಇಳಿದುಬಿಡಬೇಕು ಎನ್ನುವಷ್ಟು ನಾಚಿಕೆಯಾಯಿತು.

"ಅಮ್ಮಾ, ನಾಳೆ ಸ್ಕೂಲಿಗೆ ರಜಾ ಹಾಕ್ಲಾ?"

ಅಮ್ಮ ಟೇಪ್ ಎತ್ತಿ ಕೊರಳಿಗೆ ಹಾಕಿಕೊಂಡಳು. "ಅವಳನ್ನ ಕಳ್ಳಿ ಅಂದಿದ್ದು ಯಾರ್ ಯಾರ ಮುಂದೆ?"

"ಇಡೀ ಕ್ಲಾಸ್ ಮುಂದೆ."

ಅಮ್ಮ ಮಿಷನ್ ತುಳಿಯತೊಡಗಿದಳು.

ಮರುದಿನ ಗಿಣಿ ಕ್ಲಾಸಿನಲ್ಲಿ ಎದ್ದು ನಿಂತಳು. ಅಂಗಡಿಯ ಮೇಡಂಗೆ ಹೇಳುವುದೇ ಸುಲಭವಿತ್ತು, ಅದಕ್ಕೆ ಮುಖವಿರಲಿಲ್ಲ. ಉದ್ದಜಡೆ ನೆಟ್ಟಗೆ ನೋಡುತ್ತಿದ್ದಳು. ಆದರೂ ಗಿಣಿ ಸ್ವೆಟರ್‌ವರೆಗೆ ಏನೂ ಬಿಡದೆ ಹೇಳಿದಳು. ಯಾರೋ ನಕ್ಕರು. ನಗಲಿ ಎಂದುಕೊಂಡಳು.

"ನೀನು ಸುತ್ತಿ ನನ್ನ ಕೈಗೇ ಕೊಟ್ಟಿದ್ದೆ. ತಪ್ಪು ನಂದೇ. ಸಾರಿ ಕಣೇ."

"ಅದನ್ನೇ ತಾನೇ ನಾನು ನಿನ್ನೆ ಹೇಳೋಕೆ ಬಂದಿದ್ದು?" ಎಂದಳು ಉದ್ದಜಡೆ. "ನೀನು ಕೇಳಿಸ್ಕೊಂಡ್ಯಾ?"

ಉತ್ತರ ಕೊಡಲು ಗಿಣಿ ಬಾಯಿ ತೆರೆದಳು. ಕಿವಿಯೇ ಇಲ್ಲದ ಮೇಡಂ ನಿನ್ನೆ ಅಷ್ಟು ಹೊತ್ತು ನಿಂತು ಕೇಳಿದ್ದು ನೆನಪಾಯಿತು. ತೆರೆದ ಬಾಯಿ ಮುಚ್ಚಿಕೊಂಡು ಗೆಳತಿಯ ಪಕ್ಕ ಕೂತಳು.

"ಈಗ ಹೇಳು," ಎಂದಳು ಮೆಲ್ಲಗೆ.

ಉದ್ದಜಡೆ ಅವಳ ಕಡೆ ತಿರುಗಿ ಕೂತಳು. ಆಮೇಲೆ, "ಆ ಬಿಸ್ಕತ್ತು ನನ್ನ ತಮ್ಮಂಗೆ ಅಂತ ಎತ್ತಿಟ್ಟಿದ್ದೆ ಕಣೇ. ಎಲ್ಲರೂ ನಕ್ಕಾಗ..." ಎಂದು ಶುರುಮಾಡಿದಳು.

ಗಿಣಿ ನಡುವೆ ಒಂದು ಮಾತೂ ಆಡಲಿಲ್ಲ.