ಖಾಜಿ ಕೇಳಲೇಬೇಕಾದ ಮಾತು

"ಛಲೋ ಆತ್ರಿ," ಎಂದುಬಿಟ್ಟ ಬಿಲಾಲ. ಅಂದ ಮೇಲೆ ತನ್ನ ನಾಲಗೆಯನ್ನು ತಾನೇ ಶಪಿಸಿಕೊಂಡ.

ಇಬ್ಬರೂ ತರಬೇತಿಗೆ ಬರುತ್ತಿದ್ದ ಇಜೇರಿಯ ಅಂಗನವಾಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಸಹಪಾಠಿ ಮಸರತ ಹೇಳಿದ್ದು ಇಷ್ಟು: "ಹವಳಗಾದಿಂದ ಸಂಬಂಧ ಬಂದದ್ರಿ. ಹುಡುಗ ಸಕ್ಕರೆ ಕಾರ್ಖಾನ್ಯಾಗ ನೌಕರಿ ಮಾಡ್ತಾನ. ಇವತ್ತು ಸಂಜಿಗೆ ಅಬ್ಬಾ ಹೂಂ ಅಂತ ಹೇಳಿ ಕಳಿಸ್ತಾರ. ನನ್ನ ಯಾರೂ ಕೇಳಿಲ್ರಿ." ಹೇಳಿ ಅವನ ಮುಖವನ್ನೇ ನೋಡಿದ್ದಳು, ಏನಾದರೂ ಅಂದಾನು ಎಂದು. ಈ ಪುಣ್ಯಾತ್ಮ ಅಂದದ್ದು ಅದು.

ಶಿಶು ಶಿಕ್ಷಣದ ಕೋರ್ಸಿನಲ್ಲಿ ತರಗತಿಯ ತುಂಬ ಹುಡುಗಿಯರು, ಬಿಲಾಲನೊಬ್ಬನೇ ಗಂಡು. "ಕೂಸು ಆಡ್ಸೋ ಕಾಲೇಜು" ಎಂದು ಆಳಂದದ ಗೆಳೆಯರು ನಕ್ಕರೆ ಅವನೂ ನಗುತ್ತಿದ್ದ. ಮಸರತಳೊಡನೆ ಮಣ್ಣಿನ ಗೊಂಬೆ, ಕಾಗದದ ಗಿಳಿ, ಶಿಶುಗೀತೆ ಎಲ್ಲದರ ಬಗ್ಗೆಯೂ ಗಂಟೆಗಟ್ಟಲೆ ಮಾತಾಡಿದ್ದ. ಮನಸ್ಸಿನ ಮಾತಿಗೆ ಬಂದರೆ ಮಾತ್ರ ಬಾಯಿಗೆ ಬೀಗ.

ಅವಳು ದುಪಟ್ಟಾ ಸರಿಪಡಿಸಿಕೊಂಡು ಒಳಗೆ ಹೋದಳು. ಒಳಗೆ ಮುಸ್ಕಾನ ಎಂಬ ನಾಲ್ಕು ವರ್ಷದ ಪೋರಿ ಮದುವೆಯ ಆಟ ಹೂಡಿದ್ದಳು.

"ಟೀಚರ್, ನೀ ದುಲ್ಹನ್. ರಸೂಲ ದುಲ್ಹಾ. ಸರ್, ನೀ ಖಾಜಿ."

"ನಾ ಒಲ್ಲೆವಾ, ಬ್ಯಾರೆ ಏನರ ಕೊಡು," ಎಂದ ಬಿಲಾಲ.

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅಂಗನವಾಡಿಯ ಟೀಚರ್ ಸುಲ್ತಾನಬಿ ಕನ್ನಡಕದ ಮೇಲಿಂದ ನೋಡಿದರು. "ಮಕ್ಕಳು ಕೊಟ್ಟ ಪಾರ್ಟು ಮಾಡಬೇಕು, ಆಟ ಕೆಡಿಸಬಾರದು. ಕಾಲೇಜಿನಾಗ ಇದನ್ನ ಕಲಿಸಿಲ್ಲೇನಪಾ?"

ಕಲಿಸಿದ್ದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕವನ್ನೂ ತೆಗೆದಿದ್ದ.

ತಲೆಗೆ ಕರವಸ್ತ್ರ ಕಟ್ಟಿಕೊಂಡು ಚಾಪೆಯ ಮೇಲೆ ಕೂತ. ಎದುರಿಗೆ ಮುಖದವರೆಗೆ ದುಪಟ್ಟಾ ಎಳೆದುಕೊಂಡ ಮಸರತ, ಅವಳ ಪಕ್ಕದಲ್ಲಿ ಸಿಂಬಳ ಒರೆಸಿಕೊಳ್ಳುತ್ತಿದ್ದ ಪುಟ್ಟ ಮದುಮಗ. ಪ್ರೀತಿಸಿದವಳ ನಿಕಾಹವನ್ನು ತಾನೇ ಮಾಡಿಸುವ ಗತಿ, ಆಟದಲ್ಲಾದರೂ, ವೈರಿಗೂ ಬೇಡ.

"ರಸೂಲನ ಜೋಡಿ ನಿಕಾಹ... ಕಬೂಲ್ ಏನ್ರಿ?" ಎಂದ ಬಿಲಾಲ.

ಮಸರತ ದುಪಟ್ಟಾವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

"ಮೂರು ಸಲ ಕೇಳಬೇಕು," ಎಂದಳು ಮುಸ್ಕಾನ.

ಕೇಳಿದ. ಮತ್ತೆ ಕೇಳಿದ.

"ಇಲ್ಲ," ಎಂದಳು ಮಸರತ.

"ಹಂಗ ಅನ್ನಬಾರದು ಟೀಚರ್."

"ಯಾಕ ಅನ್ನಬಾರದು? ಅನ್ನಾಕಂತನ ಕೇಳ್ತಾರಲ್ಲ."

ರಸೂಲನಿಗೇನೂ ಬೇಜಾರಾಗಲಿಲ್ಲ. ಅವನು ಆಟಿಕೆಯ ಟ್ರ್ಯಾಕ್ಟರಿನ ಕಡೆ ಓಡಿದ. ಮುಸ್ಕಾನ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಹಂಗಾದ್ರ ನಿಂಗ ಯಾರು ಬೇಕು?"

ದುಪಟ್ಟಾ ತುಸು ಸರಿಯಿತು. ಕಣ್ಣುಗಳು ಒದ್ದೆಯಾಗಿದ್ದವು, ತುಟಿಯಂಚಿನಲ್ಲಿ ನಗೆಯೂ ಇತ್ತು. "ಬೇಕಾದವರು ಎರಡು ವರ್ಷ ಆತು, ಕೇಳವಲ್ಲರು."

ಬಿಲಾಲ ತಲೆಯ ಕರವಸ್ತ್ರದ ಗಂಟನ್ನು ಮತ್ತೊಮ್ಮೆ ಬಿಗಿದುಕೊಂಡ.

ಮುಸ್ಕಾನ ಒಂದು ಕ್ಷಣ ಯೋಚಿಸಿದಳು. "ಸರ್, ಹಂಗಾದ್ರ ನೀನ ದುಲ್ಹಾ ಆಗು."

"ಕೊಟ್ಟ ಪಾರ್ಟು ಮಾಡಬೇಕಪಾ," ಎಂದರು ಸುಲ್ತಾನಬಿ, ತಲೆ ಎತ್ತದೆ.

ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. "ನನ್ನ ಜೋಡಿ... ಕಬೂಲ್ ಏನ್ರಿ?"

"ಕಬೂಲ್." ಎರಡನೆಯ ಸಲ ಕೇಳುವವರೆಗೂ ಅವಳು ಕಾಯಲಿಲ್ಲ.

ಅಷ್ಟರಲ್ಲಿ ಊಟದ ಮೊಟ್ಟೆ ಬಂತೆಂದು ಮಕ್ಕಳೆಲ್ಲ ಎದ್ದು ಓಡಿದರು.

"ಇದು ಆಟ ಏನ್ರಿ, ಖರೇನ?" ಬಿಲಾಲ ಪಿಸುಗುಟ್ಟಿದ.

"ಇಲ್ಲ ಅನ್ನೂದು ಇವತ್ತು ಕಲ್ತೇನಿ. ಸಂಜಿಗೆ ಅಬ್ಬಾನ ಮುಂದೂ ಅಂತೇನಿ. ಆಮ್ಯಾಲೆ ಅವರು ಮತ್ಯಾರು ಬೇಕು ಅಂತ ಕೇಳ್ತಾರ. ಆಗ ನೀವು ನಮ್ಮ ಬಾಗಿಲಾಗ ಇರಬೇಕು."

"ಅವರು ಒಪ್ಪದಿದ್ರ?"

"ಗೊತ್ತಿಲ್ರಿ." ಅವಳು ಮಕ್ಕಳ ತಟ್ಟೆ ಜೋಡಿಸಲು ಎದ್ದಳು.

ದಿನಾ ಮಸರತಳ ಊರು ಜೇವರ್ಗಿಯನ್ನು ದಾಟಿ ತನ್ನೂರಿಗೆ ಹೋಗುತ್ತಿದ್ದ ಬಿಲಾಲ ಆ ಸಂಜೆ ಅಲ್ಲೇ ಅವಳ ಹಿಂದೆ ಬಸ್ಸಿಳಿದ. ಆಗಲೇ ನೆನಪಾದದ್ದು, ತಲೆಯ ಮೇಲೆ ಕರವಸ್ತ್ರ ಹಾಗೆಯೇ ಇತ್ತು. ನಾಚಿ ಬಿಚ್ಚಲು ಕೈ ಎತ್ತಿದ.

"ಇರಲಿ ಬಿಡ್ರಿ," ಎಂದಳು ಮಸರತ. "ಅಬ್ಬಾನ ಮುಂದ ತಲಿ ಮುಚ್ಕೊಂಡ ಕೂಡಬೇಕು."