ಉಯ್ಯಾಲೆಯ ಎರಡು ಬಳೆ

1994ರ ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಗಂಜಾಮಿನ ಅರ್ಚಕ ಜಯರಾಮಯ್ಯನವರು ಶ್ರೀರಂಗಪಟ್ಟಣ ಠಾಣೆಗೆ ಬಂದರು. ತಮ್ಮ ದೇವಸ್ಥಾನದ ಉಯ್ಯಾಲೆಯ ಹಿತ್ತಾಳೆ ಬಳೆಗಳು ಕಳವಾಗಿವೆ, ಶುಕ್ರವಾರ ಉಯ್ಯಾಲೆ ಸೇವೆ ಇದೆ, ಅಷ್ಟರೊಳಗೆ ಹುಡುಕಿಕೊಡಬೇಕು ಎಂದು ದೂರು ಬರೆದುಕೊಟ್ಟರು. ಸಬ್ ಇನ್ಸ್‌ಪೆಕ್ಟರ್ ರವೀಂದ್ರ ಕಲಂ 380ರ ಕೆಳಗೆ ಎಫ್‌ಐಆರ್ ದಾಖಲಿಸಿದರು. ಹಿತ್ತಾಳೆ ಎಂದ ಕೂಡಲೇ ಪೇಟೆಯ ಗುಜರಿ ಅಂಗಡಿಯವನನ್ನು ಕರೆತಂದು ಬೆಂಚಿನ ಮೇಲೆ ಕೂರಿಸುವುದು ಆ ಠಾಣೆಯ ಪದ್ಧತಿ. ಕೂರಿಸಿದ್ದೂ ಆಯಿತು. ಆಮೇಲೆ ರವೀಂದ್ರ ಕಾನ್ಸ್‌ಟೇಬಲ್ ಚಲುವರಾಜುವನ್ನು ಕರೆದುಕೊಂಡು ಸ್ಥಳ ನೋಡಲು ಹೊರಟರು.

ದೇವಸ್ಥಾನ ಚಿಕ್ಕದು. ಮಂಟಪದಲ್ಲಿ ಉಯ್ಯಾಲೆ ನಾಲ್ಕು ಸರಪಳಿಯಲ್ಲಿ ತೂಗುತ್ತಿತ್ತು. ಪ್ರತಿ ಸರಪಳಿಯ ತುದಿಯಲ್ಲಿ ಒಂದು ಕೊಕ್ಕೆ, ಮಣೆಯ ಮೂಲೆಯಲ್ಲಿ ಒಂದು ಕೊಕ್ಕೆ, ಎರಡನ್ನೂ ಸೇರಿಸಲು ನಡುವೆ ದಪ್ಪನೆಯ ಹಿತ್ತಾಳೆ ಬಳೆ. ನಾಲ್ಕು ಬಳೆಗಳಲ್ಲಿ ಹೋಗಿದ್ದು ಎರಡೇ. ಪಕ್ಕದಲ್ಲೇ ನೇತಾಡುತ್ತಿದ್ದ ಗಂಟೆಯನ್ನಾಗಲಿ ದೀಪದ ಕಂಬಗಳನ್ನಾಗಲಿ ಕಳ್ಳ ಮುಟ್ಟಿರಲಿಲ್ಲ. ಅದಕ್ಕಿಂತ ವಿಚಿತ್ರವೆಂದರೆ, ಬಳೆ ಹೋದ ಎರಡೂ ಕಡೆ ಹೊಸ ಹಗ್ಗ ಕಟ್ಟಿದ್ದ. ಮಣೆ ಒಂದು ಬೆರಳೂ ವಾಲಿರಲಿಲ್ಲ.

ಕದ್ದವನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು ಎಂದು ರವೀಂದ್ರ ಯೋಚಿಸುತ್ತಿದ್ದಾಗ, ಚಲುವರಾಜು ಕುಕ್ಕರಗಾಲಲ್ಲಿ ಕುಳಿತು ಗಂಟನ್ನೇ ನೋಡುತ್ತಿದ್ದ. ಅವನು ಪಾಂಡವಪುರದ ಕಡೆಯ ಒಕ್ಕಲು ಮನೆಯವನು. ಗಂಟಿನ ಒಳಗೆ ಬೆರಳುದ್ದದ ಬಿದಿರು ಚಕ್ಕೆ ಸಿಗಿಸಿತ್ತು.

"ಇದು ಮರ ಅತ್ತೋರ ಗಂಟು ಸಾ. ಭಾರ ಬಿದ್ರೂ ಬಿಗೀಬಾರ್ದು, ಬೇಕಾದಾಗ ಬಿಚ್ಚಾಕ್ ಬರ್ಬೇಕು ಅಂತ ಚಕ್ಕೆ ಇಡ್ತಾರೆ. ಉಣ್ಸೆ ಉದುರ್ಸೋರು ಇಂಗೇ ಕಟ್ಟದು."

ರವೀಂದ್ರ ಅರ್ಚಕರನ್ನು ಕೇಳಿದರು. ದೇವಸ್ಥಾನದ ಹಿಂದಿನ ಹುಣಸೆ ಮರಗಳನ್ನು ಹೋದ ತಿಂಗಳು ಅಕ್ಕಿಹೆಬ್ಬಾಳಿನ ಗಂಡ ಹೆಂಡತಿ ಬಂದು ಉದುರಿಸಿದ್ದರಂತೆ. ಗಂಡನ ಹೆಸರು ಕುಳ್ಳಯ್ಯ, ಒಂದು ಕಾಲು ಎಳೆದು ನಡೆಯುತ್ತಾನೆ. ಮರದ ಕೆಲಸವನ್ನು ಜಯರಾಮಯ್ಯ ನೋಡಿರಲಿಲ್ಲ. ಆದರೆ ಮಧ್ಯಾಹ್ನ ಅವನು ಮಂಟಪದಲ್ಲಿ ಕುಳಿತು ಉಯ್ಯಾಲೆಯ ಬಳೆಯ ಒಳಗೆ ಹೆಬ್ಬೆರಳು ಆಡಿಸುತ್ತಿದ್ದುದನ್ನು ಕಂಡು, ಪಾಪ, ಭಕ್ತಿ ಎಂದುಕೊಂಡಿದ್ದರು. ಇಂಥ ಬಳೆ ಎಲ್ಲಿ ಸಿಗುತ್ತವೆ ಎಂದೂ ಕೇಳಿದ್ದನಂತೆ. ಇವು ಹಳೇ ಕಾಲದವು, ಈಗ ಎಲ್ಲೂ ಸಿಗುವುದಿಲ್ಲ ಎಂದು ಇವರು ಹೇಳಿ ಕಳಿಸಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಅಷ್ಟು ಹೊತ್ತೂ ಠಾಣೆಯಲ್ಲಿ ಕುಳಿತಿದ್ದ ಗುಜರಿಯವನಿಗೆ ಒಂದು ಟೀ ಕುಡಿಸಿ ಮನೆಗೆ ಕಳಿಸಿದರು.

ಬುಧವಾರ ಜೀಪು ಅಕ್ಕಿಹೆಬ್ಬಾಳಿಗೆ ಹೋಯಿತು. ಕುಳ್ಳಯ್ಯನ ಮನೆಗೆ ಬೀಗ. ಪಕ್ಕದ ಮನೆಯ ಪುಟ್ಟಗೌರಮ್ಮ ರಾಗಿ ಕೇರುತ್ತಿದ್ದವಳು, ಹೊಳೆ ದಂಡೆಯ ದೊಡ್ಡ ಹುಣಸೆ ಮರದ ಹತ್ತಿರ ಇಬ್ಬರೂ ಇದ್ದಾರೆ ಎಂದಳು. ಆ ಕಾಲಿಟ್ಟುಕೊಂಡು ಕುಳ್ಳಯ್ಯ ಮರ ಹತ್ತುತ್ತಾನೆಯೇ ಎಂದು ಚಲುವರಾಜು ಕೇಳಿದ.

"ಅವ್ನೆಲ್ಲತ್ತಾನು ಬುಡಪ್ಪ. ಅತ್ತೋಳು ಸೋಮಮ್ಮ."

ಉಳಿದದ್ದನ್ನು ಅವಳೇ ಹೇಳಿದಳು. ಎರಡು ವರ್ಷದ ಕೆಳಗೆ ಕುಳ್ಳಯ್ಯ ಮರದ ಮೇಲಿದ್ದಾಗ ಕೊಂಬೆಯ ತೊಗಟೆಗೆ ಉಜ್ಜಿ ಉಜ್ಜಿ ಹಗ್ಗ ಹರಿಯಿತು. ಬಿದ್ದು ಸೊಂಟ ಮುರಿಯಿತು. ಅಂದಿನಿಂದ ಅದೇ ಕಸುಬನ್ನು ಹೆಂಡತಿ ಹಿಡಿದಿದ್ದಾಳೆ. ಅವನು ಕೆಳಗೆ ನಿಂತು ಹಗ್ಗ ಹಿಡಿಯುತ್ತಾನೆ.

ಮರದ ಕೆಳಗೆ ಜೀಪು ನಿಂತಾಗ ಸೋಮಮ್ಮ ಮೇಲೆ ಇದ್ದಳು. ಗಂಡನ ಹಳೇ ಅಂಗಿ ತೊಟ್ಟು, ಸೀರೆಯನ್ನು ಕಚ್ಚೆ ಕಟ್ಟಿ, ಗಳದಿಂದ ಕಾಯಿ ಬಡಿಯುತ್ತಿದ್ದಳು. ಅವಳ ಸೊಂಟದ ಹಗ್ಗ ಮೇಲಿನ ಕೊಂಬೆಗೆ ಹೋಗಿ, ಅಲ್ಲಿಂದ ಇಳಿದು ಕುಳ್ಳಯ್ಯನ ಕೈಗೆ ಬಂದಿತ್ತು. ಆದರೆ ಹಗ್ಗ ಕೊಂಬೆಯನ್ನು ಮುಟ್ಟುತ್ತಿರಲಿಲ್ಲ. ಬಾವಿಯಿಂದ ನೀರೆತ್ತುವ ಕಪಿಲೆ ಬಾನಿಯ ಹಳೇ ತೊಗಲಿನ ಪಟ್ಟಿಯನ್ನು ಕೊಂಬೆಗೆ ಬಳಸಿ, ಅದರ ಎರಡು ತುದಿಗೂ ಒಂದೊಂದು ಬಳೆ ಹೊಲಿದಿದ್ದ. ಹಗ್ಗ ಆ ಎರಡು ಬಳೆಗಳ ಒಳಗೆ ಹರಿಯುತ್ತಿತ್ತು. ಬಿಸಿಲಿಗೆ ಹಿತ್ತಾಳೆ ಮಿನುಗುತ್ತಿತ್ತು.

ಖಾಕಿ ಕಂಡು ಓಡಿದವರನ್ನು ರವೀಂದ್ರ ಬೇಕಾದಷ್ಟು ನೋಡಿದ್ದರು. ಕುಳ್ಳಯ್ಯ ಓಡಲಿಲ್ಲ, ಕೈಯನ್ನೂ ಸಡಿಲಿಸಲಿಲ್ಲ.

"ಅವ್ಳು ಇಳೀಲಿ ಸ್ವಾಮಿ. ಆಮ್ಯಾಕೆ ಏನಾರ ಮಾಡಿ."

ರವೀಂದ್ರ ಜೀಪಿಗೆ ಒರಗಿ ನಿಂತರು. ಪೊಲೀಸರನ್ನು ಕಂಡು ಸೋಮಮ್ಮ ಆತುರಾತುರವಾಗಿ ಇಳಿಯತೊಡಗಿದಳು. ಕುಳ್ಳಯ್ಯ "ಮೆಲ್ಲುಕ್ಕಮ್ಮಿ, ಮೆಲ್ಲುಕೆ" ಎನ್ನುತ್ತ ಗೇಣು ಗೇಣು ಹಗ್ಗ ಬಿಟ್ಟ. ಅವಳ ಕಾಲು ನೆಲ ಮುಟ್ಟಿದ ಮೇಲೆ ಹಗ್ಗದ ತುದಿಗೆ ಒಂದು ದಪ್ಪ ಗಂಟು ಹಾಕಿ ಇನ್ನೊಂದು ಕಡೆಯಿಂದ ಎಳೆದ. ಗಂಟು ಬಳೆಗೆ ಸಿಕ್ಕಿ, ತೊಗಲು ಬಳೆ ಎಲ್ಲವೂ ಕೊಂಬೆಯಿಂದ ಜಾರಿ ಇವರ ಮುಂದೆ ಬಿದ್ದವು.

"ಎಲ್ಲಿಯದು ಇದು?" ಎಂದು ರವೀಂದ್ರ ಕೇಳಿದರು.

"ಗಂಜಾಂ ದೇವ್ರದು."

"ಯಾಕೆ ತೆಗೆದೆ?"

"ಮೊದ್ಲು ಕಬ್ಣದ್ದು ಆಕಿದ್ದೆ. ತುಕ್ಕು ಇಡ್ದು ಅಗ್ಗವ ತಿನ್ನಕ್ಕೆ ಸುರು ಮಾಡ್ತು. ಇದು ತಲೆತಲಾಂತ್ರ ತೂಗಿ ನುಣ್ಗಾಗದೆ ಸ್ವಾಮಿ. ಅಗ್ಗಕ್ಕೆ ಗೊತ್ತೇ ಆಗಕಿಲ್ಲ."

"ನಾಲ್ಕಿದ್ದವಲ್ಲ?"

"ನಂಗೆ ಬೇಕಿದ್ದುದ್ದು ಎರಡೇ."

"ಆ ಹಗ್ಗ ಯಾಕೆ ಕಟ್ಟಿದೆ?"

ಕುಳ್ಳಯ್ಯ ತಲೆ ತಗ್ಗಿಸಿದ. "ದೇವ್ರು ಬಿದ್ರೆ?" ಎಂದ.

ಬಳೆಗಳನ್ನು ಸಂತೆಯಲ್ಲಿ ಕೊಂಡೆ ಎಂದು ಅವನು ಹೆಂಡತಿಗೆ ಹೇಳಿದ್ದ. ಸೋಮಮ್ಮ ಬಗ್ಗಿ ಬಳೆಗಳನ್ನು ಎತ್ತಿ, ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ರವೀಂದ್ರರ ಕೈಗೆ ಕೊಟ್ಟಳು. ರವೀಂದ್ರರಿಗೆ ಆ ಗಳಿಗೆಯಲ್ಲಿ ತಮ್ಮ ಕೆಲಸದ ಮೇಲೆ ಬೇಸರವಾಯಿತು. ಆದರೆ ದೂರು ದೂರೇ.

ಊರಿನ ಮಂಚಯ್ಯ ಮತ್ತು ಶಿವಣ್ಣ ಪಂಚರಾಗಿ ಬಂದರು. ಚಲುವರಾಜು ಮರದ ಬೊಡ್ಡೆಯ ಮೇಲೆ ಕಾಗದವಿಟ್ಟುಕೊಂಡು ಪಂಚನಾಮೆ ಬರೆದ: ಹಿತ್ತಾಳೆ ಬಳೆ ಎರಡು, ತೊಗಲಿನ ಪಟ್ಟಿ ಒಂದು. ಕುಳ್ಳಯ್ಯನನ್ನು ದಸ್ತಗಿರಿ ಮಾಡಿರುವುದಾಗಿ ರವೀಂದ್ರ ತಿಳಿಸಿದರು.

ಅಷ್ಟರಲ್ಲಿ ಸೋಮಮ್ಮ ಕಣ್ಣೊರೆಸಿಕೊಂಡು ಮರದ ಕಡೆ ನೋಡಿದಳು. ಅರ್ಧ ಮರ ಹಾಗೇ ಉಳಿದಿತ್ತು. ನಾಳೆ ಹಗ್ಗವನ್ನು ಬುಡಕ್ಕೆ ಬಿಗಿದು ಒಬ್ಬಳೇ ಮುಗಿಸುತ್ತೇನೆ, ನೀವು ಯೋಚನೆ ಮಾಡಬೇಡಿ ಎಂದು ಗಂಡನಿಗೆ ಹೇಳಿದಳು.

ಜೀಪಿಗೆ ಒಂದು ಕಾಲಿಟ್ಟಿದ್ದ ಕುಳ್ಳಯ್ಯ ಇಳಿದು ಬಂದ.

"ಸ್ವಾಮಿ, ಅಗ್ಗವನ್ನೂ ಬರ್ಕಳಿ."

"ಹಗ್ಗ ಕದ್ದದ್ದಲ್ಲವಲ್ಲ."

"ಅಲ್ಲ. ನಂದೇಯ. ಆದ್ರೂ ಬರ್ಕಳಿ. ಅಗ್ಗ ಇವ್ಳ ಕೈಲಿದ್ರೆ ನಾಳೆ ಬರೀ ಕೊಂಬೆ ಮ್ಯಾಲೇ ಆಕ್ಕಂಡು ಅತ್ತಾಳೆ. ನಾ ಏಳುದ್ರೆ ಕೇಳಕಿಲ್ಲ. ಪೊಲೀಸ್ನೋರು ತಕ್ಕಂಡೋದ್ರು ಅಂದ್ರೆ ಸುಮ್ಕಾಯ್ತಾಳೆ."

ರವೀಂದ್ರ ಚಲುವರಾಜುವಿಗೆ ಬರೆಯಲು ಹೇಳಿದರು. ತೊಗಲಿನ ಪಟ್ಟಿಯ ಕೆಳಗೆ ಹಗ್ಗವೂ ಸೇರಿತು. ಪಂಚರು ಏನೂ ಕೇಳದೆ ಸಹಿ ಹಾಕಿದರು.

ಬಳೆಗಳು ಕೋರ್ಟಿಗೆ ಹೋದವು. ಶುಕ್ರವಾರದ ಉಯ್ಯಾಲೆ ಸೇವೆ ಕುಳ್ಳಯ್ಯ ಕಟ್ಟಿದ್ದ ಹಗ್ಗದಲ್ಲೇ ನಡೆಯಿತು. ಈ ಸಲ ದೇವರು ಸದ್ದಿಲ್ಲದೆ ತೂಗಿದ ಎಂದು ಜಯರಾಮಯ್ಯ ಠಾಣೆಗೆ ಪ್ರಸಾದ ತಂದಾಗ ಹೇಳಿದರು.

ಕುಳ್ಳಯ್ಯನಿಗೆ ಜಾಮೀನು ಸಿಗುವುದರೊಳಗೆ ಸೋಮಮ್ಮ ಎರಡು ಸಲ ಠಾಣೆಗೆ ಬಂದು ಹಗ್ಗ ಕೇಳಿದಳು. ಕೇಸಿನ ಮಾಲು, ಈಗ ಕೊಡಲಾಗುವುದಿಲ್ಲ ಎಂದು ರವೀಂದ್ರ ಎರಡು ಸಲವೂ ಹೇಳಿ ಕಳಿಸಿದರು. ಕೋರ್ಟಿಗೆ ಒಂದು ಅರ್ಜಿ ಕೊಟ್ಟರೆ ಅದು ಮಾರನೆಯ ದಿನವೇ ಸಿಗುತ್ತಿತ್ತು. ಆ ವಿಷಯವನ್ನು ಮಾತ್ರ ಅವರು ಹೇಳಲಿಲ್ಲ.